ಕ್ರಿಸ್ಟಲ್ ಬಿಚ್ಚಬೇಡಿ, ಮೇಕ್‌ಗೆ ಏನು ಕೊಟ್ಟಿರಿ ನೋಡಿ

ಸಿ ಕಡತಗಳನ್ನು ಕಂಪೈಲ್ ಮಾಡಿಸುವ ಮೇಕ್ ತಂತ್ರಾಂಶವನ್ನು ಓಡಿಸುವಾಗ ಸಿಫ್ಲ್ಯಾಗ್ಸ್=-ಓ2 (CFLAGS=-O2; ಸಿಫ್ಲ್ಯಾಗ್ಸ್ ಎಂದರೆ ಕಂಪೈಲರಿಗೆ ಕೊಡುವ ಸೂಚನೆಗಳ, ಅಂದರೆ ಫ್ಲ್ಯಾಗುಗಳ ಪಟ್ಟಿ) ಎಂದು ಕೊಟ್ಟ ಮೇಲೆ ಅಟ್‌ಮೆಗಾ328ಪಿ ಬೋರ್ಡಿನ ಎಲ್‌ಇಡಿ ಪಟಪಟನೆ ಮಿನುಗುತ್ತಿದೆ, ಚಿಪ್ಪಿನ ವೇಗ ನಿಗದಿಪಡಿಸುವ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಬದಲಿಸಿ ನೋಡಿ ಎಂದು ಆಗಲೇ ಮೂವರು ಹೇಳಿದ್ದಾರೆ. ದಯವಿಟ್ಟು ಸೋಲ್ಡರಿಂಗ್ ಐರನ್ ಕೆಳಗಿಡಿ. ಕೆಟ್ಟ ಕ್ರಿಸ್ಟಲ್ ಚಿಪ್ಪನ್ನು ನಿಲ್ಲಿಸೀತು, ಹದಿನಾರು ಪಟ್ಟು ವೇಗವಾಗಿ ಓಡಿಸುವುದಿಲ್ಲ.

ಆಜ್ಞೆಯ ಸಾಲಿನಲ್ಲಿ ಕೊಟ್ಟ ಬೆಲೆ ಮೇಕ್‌ಫೈಲಿನಲ್ಲಿ (ಮೇಕ್ ಓದುವ ಸೂಚನೆಗಳ ಕಡತ) ಇರುವುದರ ಜೊತೆ ಸೇರುವುದಿಲ್ಲ, ಅದನ್ನು ಅಳಿಸಿ ಕೂರುತ್ತದೆ. ಒಳಗಿನ += (ಇರುವುದಕ್ಕೆ ಸೇರಿಸು) ಸಾಲುಗಳೂ ಲೆಕ್ಕಕ್ಕಿಲ್ಲ. ಟರ್ಮಿನಲ್‌ನಲ್ಲೇ += ಎಂದು ಬರೆದರೂ ಅಷ್ಟೇ. ನೀವು ಹಾಕಿರುವ ಮೇಕ್‌ಫೈಲಿನಲ್ಲಿ ಚಿಪ್ಪಿನ ಹೆಸರು ಕಂಪೈಲರನ್ನು ಹೆಸರಿಸುವ ಸಿಸಿ ಸಾಲಿನಲ್ಲಿದೆ, ಅದು ಉಳಿಯಿತು. ಗಡಿಯಾರದ ವೇಗ ಹೇಳುವ ಎಫ್_ಸಿಪಿಯು (F_CPU) ಮಾತ್ರ ಸಿಫ್ಲ್ಯಾಗ್ಸ್‌ನಲ್ಲಿತ್ತು, ಹೋಯಿತು. ಆಗ ಕಾಯುವ ಸಮಯ ಲೆಕ್ಕಹಾಕುವ ಡಿಲೇ ಹೆಡರ್ ಕಡತ ಒಂದು ಎಚ್ಚರಿಕೆ ಕೊಟ್ಟು ಗಡಿಯಾರ 1 ಮೆಗಾಹರ್ಟ್ಸ್ ಎಂದುಕೊಳ್ಳುತ್ತದೆ. ನಿಮ್ಮ 1000 ಮಿಲಿಸೆಕೆಂಡು 62.5 ಆಗುತ್ತದೆ. ಎಚ್ಚರಿಕೆಗಳನ್ನು ಓದದೆ ಮುಂದೆ ಹೋಗುವ ಅಭ್ಯಾಸ ಬಿಡಿ, ಉತ್ತರ ಅಲ್ಲೇ ಇತ್ತು.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಆಜ್ಞೆ ತಪ್ಪೆಂದು ಮೊದಲ ಸಂಜೆಯೇ ತಿಳಿಯಿತು. ಸರಿಯಾದ ಫ್ಲ್ಯಾಗುಗಳನ್ನೇ ಕೊಟ್ಟು ಮತ್ತೆ ಮೇಕ್ ಓಡಿಸಿದೆ, ಚಿಪ್ಪಿಗೆ ಹಾಕಿದೆ. ಎಲ್‌ಇಡಿ ಹಾಗೆಯೇ ಪಟಪಟ! ಹಾಗಾದರೆ ದೋಷ ಕ್ರಿಸ್ಟಲ್ಲಿನದೇ ಎಂದು ತೀರ್ಮಾನಿಸಿ ಅದನ್ನು ಕಿತ್ತೆ, ಜೊತೆಗೆ ಬೋರ್ಡಿನ ಒಂದು ಪ್ಯಾಡ್ ಕೂಡ ಎದ್ದು ಬಂತು. ಹೊಸದನ್ನು ತಂತಿಯಿಂದ ಬೆಸೆದರೂ ಅದೇ ಮಿನುಗು. ನಡೆದದ್ದಿಷ್ಟು: ಮೇಕ್ ಕಡತಗಳ ಸಮಯವನ್ನಷ್ಟೇ ಹೋಲಿಸುತ್ತದೆ, ಫ್ಲ್ಯಾಗು ಬದಲಾದದ್ದು ಅದಕ್ಕೆ ಕಾಣುವುದಿಲ್ಲ. ಸಿ ಕಡತವನ್ನು ನಾನು ಮುಟ್ಟಿರಲಿಲ್ಲ, ಹಳೆಯ ಫ್ಲ್ಯಾಗುಗಳಿಂದ ಕಂಪೈಲ್ ಆಗಿದ್ದ ಆಬ್ಜೆಕ್ಟ್ ಕಡತವೇ ಮತ್ತೆ ಚಿಪ್ಪಿಗೆ ಹೋಗಿತ್ತು. ಎರಡು ದಿನ, ಒಂದು ಒಳ್ಳೆಯ ಬೋರ್ಡು ಹಾಳು.

ಅಂದಿನಿಂದ ನನ್ನ ಪ್ರತಿ ಮೇಕ್‌ಫೈಲಿನಲ್ಲೂ ಫ್ಲ್ಯಾಗುಗಳನ್ನು ಬರೆದಿಡುವ ಒಂದು ಪುಟ್ಟ ಕಡತ ಇರುತ್ತದೆ. ಅದರ ನಿಯಮ (ಕಡತವನ್ನು ಹೇಗೆ ತಯಾರಿಸಬೇಕೆಂದು ಮೇಕ್‌ಫೈಲಿನಲ್ಲಿ ಬರೆದದ್ದು) ಪ್ರತಿ ಸಲ ಓಡಬೇಕು, ಆದರೆ ಈಗಿನ ಫ್ಲ್ಯಾಗುಗಳು ಬೇರೆಯಾಗಿದ್ದರೆ ಮಾತ್ರ ಕಡತವನ್ನು ಹೊಸದಾಗಿ ಬರೆಯಬೇಕು. ಎರಡು ಕಡತ ಹೋಲಿಸುವ ಸಿಎಂಪಿ (cmp) ಆಜ್ಞೆಗೆ -ಎಸ್ (ಚಿಕ್ಕಕ್ಷರ) ಕೊಟ್ಟು ಹೋಲಿಸಿದರೆ ಸಾಕು. ಎಲ್ಲ ಆಬ್ಜೆಕ್ಟ್ ಕಡತಗಳೂ ಇದನ್ನು ಅವಲಂಬಿಸಲಿ. ಹೋಲಿಸದೆ ಪ್ರತಿ ಸಲ ಬರೆದರೆ ಎಲ್ಲವೂ ಪ್ರತಿ ಸಲ ಕಂಪೈಲ್ ಆಗುತ್ತದೆ, ಆ ತಪ್ಪು ಮಾಡಬೇಡಿ. ನಿಯಮದ ಕೆಳಗಿನ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ವಾಟ್ಸ್‌ಆ್ಯಪ್‌ನಿಂದ ನಕಲಿಸಿದರೆ ಟ್ಯಾಬ್ ಉಳಿಯುತ್ತದೆಂದು ನಂಬಬೇಡಿ.

ಇನ್ನು ಸಿಫ್ಲ್ಯಾಗ್ಸ್. ಅದನ್ನು ಓಡಿಸುವವರಿಗೆ ಬಿಟ್ಟುಬಿಡಿ, ಇಲ್ಲದಿದ್ದರೆ ಆಗದು ಎನ್ನುವಂಥದ್ದನ್ನು ಬೇರೊಂದು ಚರದಲ್ಲಿಟ್ಟು ನಿಯಮದಲ್ಲಿ ಎರಡನ್ನೂ ಬಳಸಿ. ಆಜ್ಞೆಯ ಸಾಲಿನ ಬೆಲೆಯನ್ನು ಮೀರಿಸುವ ಓವರ್‌ರೈಡ್ ಪದವೂ ಮೇಕ್‌ಫೈಲಿನಲ್ಲಿ ಕೆಲಸ ಮಾಡುತ್ತದೆ, ಆದರೆ ಪ್ರತಿ += ಸಾಲಿನ ಮೊದಲಲ್ಲೂ ಅದು ಬೇಕು, ಒಂದು ಮರೆತರೂ ಮತ್ತದೇ ಪಾಡು. ಚರವನ್ನು ಮೇಕ್ ಪದಕ್ಕಿಂತ ಮೊದಲು ಬರೆದರೆ ಅದು ಪರಿಸರ ಚರವಾಗುತ್ತದೆ (ಟರ್ಮಿನಲ್‌ನಿಂದ ಮೇಕ್‌ಗೆ ದಾಟುವ ಚರ), ಆಗ ಮೇಕ್‌ಫೈಲಿನ = ಗೆಲ್ಲುತ್ತದೆ, ?= (ಬೆಲೆ ಇಲ್ಲದಿದ್ದರೆ ಮಾತ್ರ ಕೊಡು) ಸೋಲುತ್ತದೆ. ಮೇಕ್ ಪದದ ಮೊದಲು ಬರೆದರೂ ಆಮೇಲೆ ಬರೆದರೂ ಒಂದೇ ಎಂದು ಯಾರೋ ಮೇಲೆ ಬರೆದಿದ್ದಾರೆ, ಅಲ್ಲ. ಡೀಬಗ್=0 ಎಂದು ಕೊಡುವವರೂ ಕೇಳಿ: ಚರಕ್ಕೆ ಬೆಲೆ ಇದೆಯೇ ಎಂದಷ್ಟೇ ನೋಡುವ ಇಫ್‌ಡೆಫ್‌ಗೆ ಸೊನ್ನೆಯೂ ಒಂದು ಬೆಲೆಯೇ, ಡೀಬಗ್ ಚಾಲೂ ಆಗಿರುತ್ತದೆ. ಚರದ ಹೆಸರಿನಲ್ಲಿ ಅಕ್ಷರ ತಪ್ಪಿದರಂತೂ ಮೇಕ್ ತುಟಿ ಬಿಚ್ಚುವುದಿಲ್ಲ.

ಕಂಪೈಲ್ ಮಾಡಿ ಚಿಪ್ಪಿಗೆ ಹಾಕುವುದನ್ನೆಲ್ಲ ತಾನೇ ನೋಡಿಕೊಳ್ಳುವ ಆರ್ಡುಯಿನೊ ಐಡಿಇಗೆ ಮರಳಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, ಅದು ಈ ಫ್ಲ್ಯಾಗುಗಳನ್ನೆಲ್ಲ ಮುಚ್ಚಿಟ್ಟು ನಮ್ಮನ್ನು ಕುರುಡಾಗಿಸುತ್ತದೆ. ಮ್ಯಾಕ್ ಬಳಸುವವರು ತಂತ್ರಾಂಶ ಹಾಕಿಕೊಳ್ಳುವ ಹೋಮ್‌ಬ್ರೂನಿಂದ ಹೊಸ ಮೇಕ್ ಹಾಕಿಕೊಳ್ಳಿ, ಆಪಲ್ ಕೊಡುವುದು 2006ರ 3.81.

ಮಿನುಗು ಹದಿನಾರು ಪಟ್ಟು ನಿಧಾನವಾದರೆ ಕಥೆ ಬೇರೆ. ಹೊಸ 328ಪಿ ಕಾರ್ಖಾನೆಯಿಂದ ಒಳಗಿನ 8 ಮೆಗಾಹರ್ಟ್ಸ್ ಗಡಿಯಾರವನ್ನು ಎಂಟರಿಂದ ಭಾಗಿಸಿಕೊಂಡು, ಅಂದರೆ 1 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಫ್ಯೂಸ್ (ಚಿಪ್ಪಿನೊಳಗಿನ ಸೆಟ್ಟಿಂಗ್) ಬದಲಿಸಬೇಕು. ಆ ಸ್ಥಿತಿಯಲ್ಲಿ ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಸಾಧನ ಚಿಪ್ಪನ್ನು ಗುರುತಿಸದಿದ್ದರೆ, ಅದನ್ನು ನಡೆಸುವ ತಂತ್ರಾಂಶ ಎವಿಆರ್‌ಡ್ಯೂಡ್‌ಗೆ -ಬಿ 10 (ಬಿ ದೊಡ್ಡಕ್ಷರ) ಕೊಟ್ಟು ನಿಧಾನಗೊಳಿಸಿ.

ಈಗ ಮೇಕ್‌ಗೆ -ಬಿ ಮತ್ತು -ಎನ್ ಎರಡನ್ನೂ ಕೊಟ್ಟು ಓಡಿಸಿ, ಮೊದಲನೆಯದು ದೊಡ್ಡಕ್ಷರ, ಎರಡನೆಯದು ಚಿಕ್ಕದು. ಏನನ್ನೂ ಕಂಪೈಲ್ ಮಾಡದೆ ಪೂರ್ತಿ ಆಜ್ಞೆಗಳನ್ನು ತೋರಿಸುತ್ತದೆ. ಅದರಲ್ಲಿ ಎಫ್_ಸಿಪಿಯು ಇದೆಯೇ ನೋಡಿ, ಸಾಲನ್ನು ಇಲ್ಲಿಯೇ ಹಾಕಿ.