ಪಕ್ಕಕ್ಕೆ ಕರೆದು ಕೊಡುವ ಬಹುಮಾನ

ಸ್ಕೌಟ್ ದಳ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ದಳದ ಹುಡುಗನೊಬ್ಬ ಭಗವದ್ಗೀತೆಯನ್ನು ಪೂರ್ತಿ ಬಾಯಿಪಾಠ ಮಾಡಿದ್ದಾನೆ. ವಾರ್ಷಿಕ ಸಭೆಯಲ್ಲಿ ಸನ್ಮಾನಿಸೋಣವೆಂದರೆ ಕೆಲವು ಪೋಷಕರು 'ಧರ್ಮ ಮನೆಯೊಳಗಿರಲಿ' ಎನ್ನುತ್ತಾರೆ. ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಒಂದು ಪುಸ್ತಕ ಕೊಟ್ಟರೆ ಸಾಲದೇ?"

ಸಾಲದು. ಎಲ್ಲರೆದುರು ಸನ್ಮಾನಿಸಿ.

ಆ ಪೋಷಕರ ಆತಂಕ ಪೊಳ್ಳೇನಲ್ಲ. ಬೇರೆ ಧರ್ಮದ ಮಗು, ಯಾವ ದೇವರನ್ನೂ ನಂಬದ ಮನೆಯ ಮಗು ಅಂದು ತಾನು ಹೊರಗಿನವನೆಂದು ಕುಗ್ಗಬಾರದು. ಆದರೆ ಪಕ್ಕಕ್ಕೆ ಕರೆದು ಕೊಟ್ಟ ಬಹುಮಾನ ಹುಡುಗನಿಗೆ ಏನು ಹೇಳುತ್ತದೆ, ಯೋಚಿಸಿದ್ದೀರಾ? ನೀನು ಮಾಡಿದ್ದು ಮುಚ್ಚಿಡಬೇಕಾದ ಕೆಲಸ ಎಂದಲ್ಲವೇ?

700 ಶ್ಲೋಕಗಳು! ದಿನಕ್ಕೊಂದರಂತೆ ಕಲಿತರೂ ಹೆಚ್ಚುಕಡಿಮೆ ಎರಡು ವರ್ಷ ಬೇಕು. ಕುರ್‌ಆನಿನ 30 ಭಾಗಗಳನ್ನು ಕಂಠಸ್ಥ ಮಾಡುವ ಮಗು ಹೊಸ ಪಾಠದ ಜೊತೆಗೆ ಹಳೆಯದನ್ನೂ ಒಪ್ಪಿಸುತ್ತಲೇ ಇರಬೇಕು. ಯಹೂದಿ ಹುಡುಗ 13ನೆಯ ವಯಸ್ಸಿನಲ್ಲಿ ಸಭೆಯೆದುರು ತಮ್ಮ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಓದುತ್ತಾನೆ. ಆ ಸುರುಳಿಯಲ್ಲಿ ಸ್ವರಚಿಹ್ನೆಯೂ ಇಲ್ಲ, ರಾಗದ ಗುರುತೂ ಇಲ್ಲ. ಕಾಗುಣಿತವನ್ನೆಲ್ಲ ಅಳಿಸಿದ ಕನ್ನಡ ಪುಟವನ್ನು ರಾಗವಾಗಿ ಓದಿ ನೋಡಿ, ಆ ಶ್ರಮ ತಿಳಿಯುತ್ತದೆ.

ಮಕ್ಕಳ ಕೂಟವೊಂದರಲ್ಲಿ ಹುಡುಗಿಯೊಬ್ಬಳು ಸ್ತೋತ್ರ ಹೇಳುವುದನ್ನು ಕೇಳಿದ್ದೆ. ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಲೆಕ್ಕವಿಡುತ್ತಿತ್ತು. ನಡುವೆ ಮರೆತಳು. ಹೆಬ್ಬೆರಳು ಒಂದು ಗೆಣ್ಣು ಹಿಂದೆ ಸರಿಯಿತು, ಸಾಲು ಸಿಕ್ಕಿತು. ಮೊದಲು ಚಪ್ಪಾಳೆ ತಟ್ಟಿದವನು ಬೇರೆ ಧರ್ಮದ ಹುಡುಗ. ಆಮೇಲೆ ಅವಳ ಬಳಿ ಕುಳಿತು ಆ ಗೆಣ್ಣಿನ ಲೆಕ್ಕವನ್ನು ಕಲಿತುಕೊಂಡ. ಸೌಹಾರ್ದದ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ; ಯಾವುದೂ ನನ್ನ ಮನಸ್ಸಿನಲ್ಲಿ ಹೀಗೆ ಉಳಿದಿಲ್ಲ.

ನಿಮ್ಮ ಚಳವಳಿಗೂ ಇದು ಹೊಸದಲ್ಲ. 1908ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಬರೆದ ಪ್ರತಿಜ್ಞೆಯಲ್ಲೇ ದೇವರಿಗೆ ಸಲ್ಲಿಸಬೇಕಾದ ಕರ್ತವ್ಯವಿತ್ತು. ಅಮೆರಿಕದ ಸ್ಕೌಟುಗಳಲ್ಲಿ ತನ್ನ ಧರ್ಮವನ್ನು ಕಲಿತ ಮಗುವಿಗೆ ಸಿಗುವ ಧಾರ್ಮಿಕ ಲಾಂಛನದ ಪಾಠವನ್ನು ಆಯಾ ಧರ್ಮದವರೇ ಗೊತ್ತುಮಾಡುತ್ತಾರೆ. ದಳ ಪರೀಕ್ಷೆ ನಡೆಸುವುದಿಲ್ಲ, ಗೌರವಿಸುತ್ತದೆ. ಲಾಂಛನ ಗಳಿಸಿದ ಮಗುವಿನ ಸಮವಸ್ತ್ರದ ಮೇಲೆ ನೇರಳೆ ಬಟ್ಟೆಯಲ್ಲಿ ಬೆಳ್ಳಿ ಬಣ್ಣದ ಗಂಟಿನ ಗುರುತು. ಮಗು ಯಾವ ಧರ್ಮದ್ದಾದರೂ ಗಂಟು ಒಂದೇ.

ಓಟದ ಪದಕಕ್ಕೆ, ಕುಣಿತದ ಬಹುಮಾನಕ್ಕೆ ಎದ್ದುನಿಂತು ಚಪ್ಪಾಳೆ ತಟ್ಟುವ ನಾವು ಇದನ್ನು ಮಾತ್ರ 'ಉರು ಹೊಡೆಯುವುದು' ಎಂದು ತಳ್ಳಿಹಾಕುತ್ತೇವೆ. ಧರ್ಮವನ್ನು ಬೀದಿಜಗಳಕ್ಕೆ ಎಳೆದವರು ದೊಡ್ಡವರು. ಅದರ ದಂಡವನ್ನು ಬೆಳಗಿನ ಜಾವ ಎದ್ದು ಪಾಠ ಮಾಡಿದ ಮಗುವಿನಿಂದ ವಸೂಲಿ ಮಾಡುತ್ತಿದ್ದೇವೆ. ನನಗೆ ನೋವಾಗುವುದು ಇಲ್ಲಿಯೇ.

ಆ ಹುಡುಗನಿಂದ ಅವನಿಗೆ ಇಷ್ಟವಾದ ಒಂದು ಶ್ಲೋಕ ಹೇಳಿಸಿ, ಅರ್ಥವನ್ನು ಅವನ ಮಾತಿನಲ್ಲೇ ಕೇಳಿ. ನಂತರ ಉಳಿದ ಮಕ್ಕಳನ್ನೂ, ದೇವರಿಲ್ಲದ ಮನೆಯವರನ್ನೂ ಸೇರಿಸಿ, ವರ್ಷವಿಡೀ ಯಾವುದಕ್ಕಾಗಿ ಕಷ್ಟಪಟ್ಟಿರಿ ಎಂದು ವಿಚಾರಿಸಿ. ಪುಸ್ತಕವನ್ನೂ ಕೊಡಿ, ವೇದಿಕೆಯ ಮೇಲೆ.