ಜ್ಞಾನ ಕೇಳಿದ ಸೊಲೊಮೋನನಿಗೆ ಐಶ್ವರ್ಯವೂ ಸಿಕ್ಕಿತಲ್ಲ, ಹಾಗಾದರೆ ಹಣ ಬಯಸುವುದು ತಪ್ಪಾ?

ಜ್ಞಾನ ಬಂಗಾರಕ್ಕಿಂತ ಮೇಲು ಎಂದು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕೇಳುತ್ತ ಬೆಳೆದೆ ಎಂದಿದ್ದೀರಿ. ಈಗ ಎರಡರಷ್ಟು ಸಂಬಳದ ಕೆಲಸ ಬಂದಿದೆ, ಆದರೆ ಹೆಚ್ಚಿನ ಭಾನುವಾರ ಡ್ಯೂಟಿ ಇರುತ್ತದೆ. ಒಂದು ಪ್ರಾರ್ಥನಾಕೂಟದಲ್ಲಿ 'ಸೊಲೊಮೋನನ ಹಾಗೆ ಜ್ಞಾನ ಕೇಳಿ, ಐಶ್ವರ್ಯ ತಾನಾಗಿ ಬರುತ್ತದೆ' ಎಂದರಂತೆ. ಈ ಕೆಲಸ ಆ ಆಶೀರ್ವಾದವೇ ಇರಬಹುದಾ ಎಂಬುದು ನಿಮ್ಮ ಪ್ರಶ್ನೆ.

ಹಣ ಬಯಸುವುದು ತಪ್ಪಲ್ಲ. ಆದರೆ ಆ ಕೂಟದಲ್ಲಿ ಸೊಲೊಮೋನನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ನನಗೆ ತುಂಬ ಹತ್ತಿರವಾದ ಕಥೆ ಇದು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ಒಂದನೇ ಅರಸುಗಳು 3ನೇ ಅಧ್ಯಾಯ ತೆಗೆಯಿರಿ. ಗಿಬ್ಯೋನಿನಲ್ಲಿ ದೇವರು ಕನಸಿನಲ್ಲಿ ಬಂದು, ಏನು ಬೇಕು ಕೇಳು ಅನ್ನುತ್ತಾರೆ. ಸೊಲೊಮೋನ ಆಗಿನ್ನೂ ಇಸ್ರಾಯೇಲಿನ ಹೊಸ ರಾಜ. ಇಷ್ಟು ದೊಡ್ಡ ಜನಕ್ಕೆ ನ್ಯಾಯ ತೀರಿಸಲು ನನ್ನಿಂದ ಆಗುವುದಿಲ್ಲ, ವಿವೇಕ ಕೊಡು ಎಂದು ಬೇಡುತ್ತಾನೆ. ಜ್ಞಾನ ಕೇಳಿದ್ದು ಜನರಿಗಾಗಿ. ದೇವರು ಮೆಚ್ಚಿ, ಕೇಳದೇ ಇದ್ದ ಐಶ್ವರ್ಯವನ್ನೂ ಕೊಡುತ್ತೇನೆ ಅನ್ನುತ್ತಾರೆ.

ಆ ಜ್ಞಾನ ಮೊದಲು ಎಲ್ಲಿ ಕೆಲಸ ಮಾಡಿತು ನೋಡಿ. ಅದೇ ಅಧ್ಯಾಯದಲ್ಲಿ ಇಬ್ಬರು ವೇಶ್ಯೆಯರು ಒಂದು ಮಗುವಿಗಾಗಿ ಜಗಳವಾಡುತ್ತ ಬರುತ್ತಾರೆ. ಸಮಾಜದಲ್ಲಿ ಯಾವ ಸ್ಥಾನವೂ ಇಲ್ಲದ ಹೆಂಗಸರು. ಸಾಕ್ಷಿಗಳಿಲ್ಲ. ರಾಜ ಇಬ್ಬರ ಮಾತನ್ನೂ ಪೂರ್ತಿ ಕೇಳುತ್ತಾನೆ. ಮಗುವನ್ನು ಎರಡು ಭಾಗ ಮಾಡಿ ಎಂದು ಕತ್ತಿ ತರಿಸಿ ನಿಜವಾದ ತಾಯಿಯನ್ನು ಕಂಡುಹಿಡಿದದ್ದು ಎಲ್ಲರಿಗೂ ಗೊತ್ತು, ನನಗೆ ಮಾತ್ರ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವನು ಅವರಿಗೆ ಕಿವಿಗೊಟ್ಟದ್ದು. ಸತ್ಯವೇದದಲ್ಲಿ ಜ್ಞಾನ ಅಂದರೆ ಬರೀ ಬುದ್ಧಿವಂತಿಕೆ ಅಲ್ಲ. ದೇವರ ಮಾತಿಗೂ ದಿಕ್ಕಿಲ್ಲದವರ ಮಾತಿಗೂ ಕಿವಿ ತೆರೆದಿರುವುದು ಅದು.

ಈಗ ಮುಂದೆ ಓದಿ. ದೇವಾಲಯ ಕಟ್ಟಲು 7 ವರ್ಷ ಹಿಡಿಯಿತು, ಅವನ ಸ್ವಂತ ಅರಮನೆಗೆ 13 ವರ್ಷ. ಲೆಬನೋನಿನಲ್ಲಿ ಕೆಲಸ ಮಾಡಲು 30,000 ಬಿಟ್ಟಿ ಆಳುಗಳು, ತಿಂಗಳಿಗೆ 10,000 ಜನರಂತೆ ಸರದಿ. ಹೊರೆ ಹೊರುವವರು 70,000, ಬೆಟ್ಟದಲ್ಲಿ ಕಲ್ಲು ಕಡಿಯುವವರು 80,000. ಒಂದು ವರ್ಷಕ್ಕೆ ಬರುತ್ತಿದ್ದ ಬಂಗಾರ 666 ತಲಾಂತು (ತಲಾಂತು ಎಂದರೆ ಆ ಕಾಲದ ತೂಕದ ಅಳತೆ). ಬೆಳ್ಳಿಗೆ ಅವನ ಕಾಲದಲ್ಲಿ ಬೆಲೆಯೇ ಇರಲಿಲ್ಲವಂತೆ. ಐಗುಪ್ತದಿಂದ ಕುದುರೆಗಳು ಬಂದವು. 700 ರಾಣಿಯರು, 300 ಉಪಪತ್ನಿಯರು.

ಈ ಪಟ್ಟಿಯ ಪಕ್ಕಕ್ಕೆ ಸತ್ಯವೇದದ ಧರ್ಮೋಪದೇಶಕಾಂಡ 17ನೇ ಅಧ್ಯಾಯ ಇಟ್ಟು ನೋಡಿದರೆ ಮೈ ಜುಂ ಅನ್ನುತ್ತದೆ. ಇಸ್ರಾಯೇಲಿನ ಅರಸ ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಹೆಂಡತಿಯರನ್ನು ಹೆಚ್ಚಿಸಿಕೊಳ್ಳಬಾರದು, ಬೆಳ್ಳಿಬಂಗಾರವನ್ನು ಬಹಳವಾಗಿ ಕೂಡಿಹಾಕಬಾರದು. ಅವನು ಧರ್ಮಶಾಸ್ತ್ರದ ಒಂದು ಪ್ರತಿಯನ್ನು ತನಗಾಗಿ ಬರೆದುಕೊಂಡು ದಿನವೂ ಓದಬೇಕು. ಯಾಕೆ? ತನ್ನ ಸಹೋದರರಿಗಿಂತ ತಾನು ಮೇಲು ಎಂಬ ಗರ್ವ ಅವನ ಮನಸ್ಸಿಗೆ ಬರಬಾರದು. ಸೊಲೊಮೋನ ಆ ಮೂರನ್ನೂ ಮೀರಿದ.

ಅವನು ತೀರಿಕೊಂಡ ಮೇಲೆ ಜನ ಅವನ ಮಗ ರೆಹಬ್ಬಾಮನ ಹತ್ತಿರ ಬಂದು ಕೇಳಿದ್ದು ಒಂದೇ ವಿಷಯ. ನಿಮ್ಮ ತಂದೆ ನಮ್ಮ ಮೇಲೆ ಭಾರವಾದ ನೊಗ ಹೊರಿಸಿದ, ಅದನ್ನು ಹಗುರ ಮಾಡು. ಮಗ ಒಪ್ಪಲಿಲ್ಲ, ಇಸ್ರಾಯೇಲಿನ 10 ಕುಲಗಳು ಅವನ ರಾಜ್ಯದಿಂದ ಬೇರೆಯಾದವು. ಅಂದರೆ ಆ ನರಳಾಟ ಎಷ್ಟು ವರ್ಷದಿಂದ ನಡೆದಿತ್ತೋ. ಇಬ್ಬರು ಹೆಂಗಸರ ಮಾತು ಕೇಳಿಸಿಕೊಂಡ ಅದೇ ಕಿವಿಗೆ ಕಲ್ಲು ಹೊರುವವರ ದನಿ ಮುಟ್ಟಲಿಲ್ಲ. ದೇವರೇ ಕೊಟ್ಟ ಐಶ್ವರ್ಯ ಅದು, ಆದರೂ ಹೀಗಾಯಿತು. ಇದನ್ನು ಓದುವಾಗಲೆಲ್ಲ ನನಗೆ ಭಯವಾಗುತ್ತದೆ.

ಹಾಗಾಗಿ 'ಜ್ಞಾನ ಕೇಳಿದರೆ ಹಣ ಬರುತ್ತದೆ' ಎಂಬ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಹಣ ಸಿಗಲಿ ಎಂದು ಜ್ಞಾನ ಕೇಳಿದರೆ ನಾವು ನಿಜವಾಗಿ ಕೇಳಿದ್ದು ಹಣವನ್ನೇ ಅಲ್ವಾ? ಅದಕ್ಕಿಂತ ಜ್ಞಾನೋಕ್ತಿಗಳು 30ರಲ್ಲಿರುವ ಆಗೂರನ ಪ್ರಾರ್ಥನೆ ನನಗೆ ಇಷ್ಟ. ಬಡತನವೂ ಬೇಡ, ಐಶ್ವರ್ಯವೂ ಬೇಡ, ನನಗೆ ಬೇಕಾದಷ್ಟು ಆಹಾರ ಕೊಡು. ಹೊಟ್ಟೆ ತುಂಬಿ ನಿನ್ನನ್ನು ಮರೆಯಬಾರದು, ಹಸಿದು ಕಳ್ಳತನಕ್ಕೂ ಇಳಿಯಬಾರದು. ಬಡತನವನ್ನು ಅವನು ಹೊಗಳುವುದಿಲ್ಲ, ಗಮನಿಸಿ. ಮನೆ ಬಾಡಿಗೆ, ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿ, ಇದಕ್ಕೆಲ್ಲ ದುಡಿಯುವುದು ದೇವರ ಮುಂದೆ ಗೌರವದ ಕೆಲಸವೇ.

ಇನ್ನು ಸಂಬಳ ಜಾಸ್ತಿಯಾದಾಗ ಏನು ಮಾಡಬೇಕು? ಇದಕ್ಕೆ ನಾನು ನೋಡುವುದು 18ನೇ ಶತಮಾನದ ಇಂಗ್ಲೆಂಡಿನ ಬೋಧಕ, ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ ಅವರನ್ನು. ಹಳೇ ಮೈಸೂರು ಭಾಗದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು ಬಹಳಷ್ಟು ವೆಸ್ಲಿಯನ್ ಮಿಷನ್ನಿನಿಂದ ಬಂದವು, ಹಾಗಾಗಿ ಅವರು ನಮಗೆ ಹಿರಿಯರಿದ್ದ ಹಾಗೆ. ತಮ್ಮ ಒಂದು ಪ್ರಸಂಗದಲ್ಲಿ ಅವರು ಆಕ್ಸ್‌ಫರ್ಡ್‌ನ ಒಬ್ಬ ಯುವಕನ ಲೆಕ್ಕ ಹೇಳುತ್ತಾರೆ. ಅದು ಅವರದೇ ಲೆಕ್ಕ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ ಅವನು 28ರಲ್ಲಿ ಬದುಕಿ 2 ಪೌಂಡ್ ಕೊಟ್ಟ. ಮರುವರ್ಷ 60 ಬಂತು, ಆಗಲೂ ಖರ್ಚು 28, ಕೊಟ್ಟದ್ದು 32. ಮೂರನೇ ವರ್ಷ 90, ನಾಲ್ಕನೇ ವರ್ಷ 120. ಖರ್ಚು ಮಾತ್ರ 28ರಲ್ಲೇ ನಿಂತಿತು.

1776ರಲ್ಲಿ ತೆರಿಗೆ ಅಧಿಕಾರಿಗಳು ನಿಮ್ಮ ಬೆಳ್ಳಿ ಸಾಮಾನಿನ ವಿವರ ಕೊಡಿ ಎಂದು ಅವರಿಗೆ ಬರೆದರು. ಇಷ್ಟು ಹೆಸರಾದ ಮನುಷ್ಯನ ಹತ್ತಿರ ಇರಲೇಬೇಕು ಎಂಬ ಅನುಮಾನ. ಲಂಡನ್ನಿನಲ್ಲಿ ಎರಡು ಬೆಳ್ಳಿ ಚಮಚ ಇವೆ, ಬ್ರಿಸ್ಟಲ್‌ನಲ್ಲಿ ಎರಡು, ಸುತ್ತ ಇಷ್ಟು ಜನ ರೊಟ್ಟಿಯಿಲ್ಲದೆ ಇರುವಾಗ ಇನ್ನು ಕೊಳ್ಳುವುದಿಲ್ಲ ಎಂದು ಉತ್ತರ ಬರೆದರು. ಆಗ ಅವರಿಗೆ 70 ದಾಟಿತ್ತು. ಸಂಪಾದನೆ ಬೇಡ ಎಂದವರಲ್ಲ ಅವರು. ನ್ಯಾಯವಾಗಿ ಎಷ್ಟು ಸಾಧ್ಯವೋ ಅಷ್ಟು ದುಡಿಯಿರಿ ಎಂದೇ ಬೋಧಿಸಿದರು. ಆದರೆ ಬಂದದ್ದು ಎಲ್ಲಿಗೆ ಹೋಗಬೇಕು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ನಮ್ಮಿಂದ ಅಷ್ಟು ಆಗದೇ ಇರಬಹುದು. ನಮ್ಮ ಮನೆಯಲ್ಲಿ ಸಂಬಳ ಬಂದ ದಿನ ಸಭೆಯ ಕಾಣಿಕೆ ಮತ್ತು ಕಷ್ಟದಲ್ಲಿರುವವರಿಗೆ ಕೊಡುವುದನ್ನು ಮೊದಲು ಒಂದು ಕವರಿನಲ್ಲಿ ತೆಗೆದಿಡುತ್ತೇವೆ, ಉಳಿದದ್ದರಲ್ಲಿ ಖರ್ಚು. ಸಂಬಳ ಏರಿದರೆ ಆ ಕವರ್ ಕೂಡ ಏರಬೇಕು ಎಂದು ಮಾತಾಡಿಕೊಂಡಿದ್ದೇವೆ. ಇಷ್ಟರಿಂದಲೇ ಮನೆಯಲ್ಲಿ ಹಣದ ಬಗ್ಗೆ ಜಗಳ ಕಡಿಮೆಯಾಗಿದೆ.

ಭಾನುವಾರದ ವಿಷಯ. ನರ್ಸ್‌ಗಳು, ಬಸ್ ಡ್ರೈವರ್‌ಗಳು, ಪೊಲೀಸರು ಭಾನುವಾರ ದುಡಿಯುತ್ತಾರೆ. ಅವರ ವಿಶ್ವಾಸ ಕಡಿಮೆ ಎಂದು ಯಾರೂ ಹೇಳಬಾರದು. ನನ್ನ ಚಿಂತೆ ಬೇರೆ. ಸೊಲೊಮೋನನ ತಂದೆ ದಾವೀದ ತಪ್ಪು ಮಾಡಿದಾಗ ನಾತಾನ ಪ್ರವಾದಿ ಎದುರು ನಿಂತು, ತಪ್ಪು ಮಾಡಿದ ಆ ಮನುಷ್ಯ ನೀನೇ ಅಂದ. ಸೊಲೊಮೋನನ ಐಶ್ವರ್ಯ ಬೆಳೆಯುತ್ತಿದ್ದಾಗ ಹಾಗೆ ಎದುರು ನಿಂತ ಒಬ್ಬ ಮನುಷ್ಯನೂ ಅವನ ಕಥೆಯಲ್ಲಿ ಕಾಣುವುದಿಲ್ಲ. ಶೆಬದ ರಾಣಿ ಬಂದು ಹೊಗಳಿ ಹೋದಳು, ಅಷ್ಟೇ. ಆರಾಧನೆ ತಪ್ಪುತ್ತ ಹೋದರೆ ನಿಮಗೆ ನಿಜ ಹೇಳುವ ಜನ ದೂರವಾಗುತ್ತಾರೆ. ಹಾಡು, ಪ್ರಸಂಗ ಮೊಬೈಲಿನಲ್ಲೂ ಸಿಗುತ್ತವೆ, 'ಯಾಕೋ ಈಚೆಗೆ ಬದಲಾಗಿದ್ದೀಯ' ಎಂದು ಕೇಳುವ ಹಿರಿಯರು ಸಿಗುವುದಿಲ್ಲ.

ಆದ್ದರಿಂದ ಒಪ್ಪುವ ಮೊದಲು ಕೆಲವು ವಿಷಯ ಖಚಿತ ಮಾಡಿಕೊಳ್ಳಿ. ತಿಂಗಳಿಗೆ ಎಷ್ಟು ಭಾನುವಾರ ರಜೆ ಸಿಗುತ್ತದೆ ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ವಾರದ ಮಧ್ಯೆ ನಡೆಯುವ ಒಂದು ಮನೆಕೂಟಕ್ಕೆ ಸೇರಿಕೊಳ್ಳಲು ಆಗುತ್ತದಾ ಎಂದು ನಿಮ್ಮ ಸಭಾಪಾಲಕರನ್ನು ಕೇಳಿ. ಆ ಕೆಲಸದಲ್ಲಿ ಯಾರಿಗಾದರೂ ಮೋಸ ಮಾಡಬೇಕಾಗುತ್ತದಾ, ಕೈಕೆಳಗಿನವರನ್ನು ಹಿಂಡಬೇಕಾಗುತ್ತದಾ ಎಂಬುದನ್ನು ಅಲ್ಲಿ ಈಗಾಗಲೇ ಇರುವವರಿಂದ ತಿಳಿದುಕೊಳ್ಳಿ. ಹೌದು ಎಂದಾದರೆ ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು, ಸಂಬಳ ಎಷ್ಟೇ ಇರಲಿ. ಅಂಥದ್ದೇನೂ ಇಲ್ಲ ಎಂದಾದರೆ ನಿಮ್ಮ ಮನೆಖರ್ಚಿಗೆ ಎಷ್ಟು ಸಾಕು ಎಂಬ ಅಂಕಿಯನ್ನು ಮನೆಯವರ ಜೊತೆ ಕೂತು ಈಗಲೇ ಬರೆದಿಡಿ. ಮೊದಲ ಸಂಬಳ ಕೈಗೆ ಬಂದ ಮೇಲೆ ಅದನ್ನು ಬರೆಯುವುದು ಬಹಳ ಕಷ್ಟ.

ಏನು ತೀರ್ಮಾನ ಮಾಡಿದಿರಿ ಎಂದು ಆಮೇಲೆ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ನಿಮಗಾಗಿ ಪ್ರಾರ್ಥಿಸುತ್ತೇನೆ.