ಆಂಟಿಆಕ್ಸಿಡೆಂಟ್ ಮಾತ್ರೆಗಳಿಂದ ಗಂಡಸರ ಬಂಜೆತನ ವಾಸಿಯಾಗುತ್ತದೆಯೇ?

ಆಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಕೆಲವು ಸಣ್ಣ ಅಧ್ಯಯನಗಳಲ್ಲಿ ಅನುಕೂಲ ಕಂಡಿದೆ, ಆದರೆ ದೊಡ್ಡ ಪರೀಕ್ಷೆಗಳಲ್ಲಿ ಅದು ನಿಂತಿಲ್ಲ. ಅಮೆರಿಕದಲ್ಲಿ 2370 ದಂಪತಿಗಳ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಗಂಡಸರಿಗೆ ಆರು ತಿಂಗಳು ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಫೋಲಿಕ್ ಆಸಿಡ್ ಮತ್ತು ಝಿಂಕ್ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಖಾಲಿ ಮಾತ್ರೆ. ಮಗು ಹುಟ್ಟಿದ ಪ್ರಮಾಣ ಮಾತ್ರೆ ತಗೊಂಡವರಲ್ಲಿ 34%, ಸುಮ್ನೆ ಖಾಲಿ ಮಾತ್ರೆ ನುಂಗಿದವರಲ್ಲಿ 35%!

ಹಾಗಾದರೆ ಈ ಮಾತ್ರೆಗಳನ್ನು ಯಾಕೆ ಕೊಡುತ್ತಾರೆ? ದೇಹದಲ್ಲಿ ಹುಟ್ಟುವ ಚುರುಕು ಆಮ್ಲಜನಕ ಕಣಗಳು ಜಾಸ್ತಿಯಾದರೆ ವೀರ್ಯಾಣುವಿನ ಹೊರಪೊರೆ ಮತ್ತು ಡಿಎನ್‌ಎ ಹಾಳಾಗುತ್ತವೆ. ಆ ಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಹೆಚ್ಚು, ರಿಪೇರಿ ಮಾಡಿಕೊಳ್ಳುವ ಶಕ್ತಿ ಕಡಿಮೆ. ಆಂಟಿಆಕ್ಸಿಡೆಂಟ್‌ಗಳು ಆ ಕಣಗಳನ್ನು ತಣ್ಣಗಾಗಿಸುತ್ತವೆ. ಆದರೆ ವೀರ್ಯಾಣು ಅಂಡದೊಳಗೆ ಸೇರಲು ಸಜ್ಜಾಗಬೇಕಾದರೆ ಅವೇ ಕಣಗಳು ಸ್ವಲ್ಪ ಬೇಕು. ಪೂರ್ತಿ ಅಡಗಿಸಿದರೂ ತೊಂದರೆಯೇ ಅಲ್ವಾ? ಅದಕ್ಕೇ ಹೆಚ್ಚು ಡೋಸ್ ಅಂದರೆ ಹೆಚ್ಚು ಲಾಭ ಎಂದುಕೊಳ್ಳಬೇಡಿ.

ನನಗೆ ನಿಜವಾಗಿ ಕಾಳಜಿ ಇರುವುದು ಕಳೆದುಹೋಗುವ ಸಮಯದ ಬಗ್ಗೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಹಾಗಾಗಿ ಮಾತ್ರೆ ನಂಬಿ ಕಾದರೆ ತಿಂಗಳುಗಳು ಜಾರುತ್ತವೆ. ಮೊದಲು ವೀರ್ಯ ಪರೀಕ್ಷೆ ಮಾಡಿಸಿ, ವೃಷಣದ ರಕ್ತನಾಳ ಊದಿಕೊಂಡಿದೆಯೇ, ಹಾರ್ಮೋನ್ ಸರಿಯಿದೆಯೇ ಎಂದು ವೈದ್ಯರಿಂದ ನೋಡಿಸಿ. ಸಿಗರೇಟ್ ಸೇದುತ್ತಿದ್ದರೆ ಇಂದೇ ಬಿಡಿ.